ಸೆಪ್ಸಿಸ್‌ನಲ್ಲಿ ಪ್ಲೇಟ್‌ಲೆಟ್ ಎಲ್ಲಿ ಹೋಗುತ್ತೆ?

ಪ್ರಶ್ನೆ (ಐಸಿಯು ಸ್ಟಾಫ್ ನರ್ಸ್):
ಮೇಡಂ, ಪ್ಲೇಟ್‌ಲೆಟ್ ಅಂದ್ರೆ ರಕ್ತ ಹೆಪ್ಪುಗಟ್ಟಿಸೋದು ಅಂತಷ್ಟೇ ಓದಿದ್ದು. ಮೂತ್ರದ ಸೋಂಕು ರಕ್ತಕ್ಕೇರಿ ಸೆಪ್ಸಿಸ್ ಆದ ರೋಗಿಗಳಲ್ಲಿ ಡೆಂಗಿ ಇರಲ್ಲ, ಎಲ್ಲೂ ರಕ್ತ ಹೋಗ್ತಿರಲ್ಲ, ಆದ್ರೂ ಕೌಂಟ್ ಎರಡೇ ದಿನದಲ್ಲಿ 2 ಲಕ್ಷದಿಂದ 60 ಸಾವಿರಕ್ಕೆ ಬಂದಿರುತ್ತೆ. ಬ್ಯಾಕ್ಟೀರಿಯಾಗೂ ಪ್ಲೇಟ್‌ಲೆಟ್‌ಗೂ ಏನು ಸಂಬಂಧ? ಮನೆಯವರು ‘ಪ್ಲೇಟ್‌ಲೆಟ್ ಹಾಕ್ಸಿ’ ಅಂತ ಪಟ್ಟು ಹಿಡಿದ್ರೆ ಏನು ಹೇಳೋದು?

ಉತ್ತರ (ರಕ್ತರೋಗ ತಜ್ಞೆ):
ಕಮ್ಮಿಯಾದ ಪ್ಲೇಟ್‌ಲೆಟ್‌ಗಳಲ್ಲಿ ಒಂದು ಪಾಲು ಬ್ಯಾಕ್ಟೀರಿಯಾ ಜೊತೆ ಕಾದಾಡಿಯೇ ಖರ್ಚಾಗಿರುತ್ತೆ.

ಪ್ಲೇಟ್‌ಲೆಟ್ ಅನ್ನೋದು 2–3 ಮೈಕ್ರಾನ್ ಅಗಲದ, ನ್ಯೂಕ್ಲಿಯಸ್ ಇಲ್ಲದ ಚೂರು. ಹರಿಯುವ ರಕ್ತದಲ್ಲಿ ಕೆಂಪು ಕಣಗಳು ನಡುವೆ ಸಾಗುತ್ತಾ ಇವನ್ನು ನಾಳದ ಗೋಡೆಯ ಕಡೆ ತಳ್ಳುತ್ತವೆ. ಗೋಡೆಗೆ ಅಂಟಿಕೊಂಡ ಬ್ಯಾಕ್ಟೀರಿಯಾ ಬೇಗ ಸಿಗೋದು ಇವಕ್ಕೇ. ಸಂಖ್ಯೆಯಲ್ಲೂ ಹೋಲಿಕೆಯಿಲ್ಲ: ಒಂದು ಮೈಕ್ರೋಲೀಟರ್‌ನಲ್ಲಿ ಬಿಳಿ ಕಣ 4ರಿಂದ 11 ಸಾವಿರ, ಪ್ಲೇಟ್‌ಲೆಟ್ ಒಂದೂವರೆಯಿಂದ ನಾಲ್ಕೂವರೆ ಲಕ್ಷ.

ಇವುಗಳ ಮೈಮೇಲೆ ಟಿಎಲ್‌ಆರ್-4 ಅನ್ನೋ ಗ್ರಾಹಕ ಇದೆ. ಇ. ಕೋಲೈನಂಥ ಗ್ರಾಂ-ನೆಗೆಟಿವ್ ಬ್ಯಾಕ್ಟೀರಿಯಾದ ಎಂಡೋಟಾಕ್ಸಿನ್ (ಹೊರಪೊರೆಯಲ್ಲಿರೋ ವಿಷ) ಗುರುತು ಹಿಡಿಯೋದು ಅದೇ. ಐಜಿಜಿ ಪ್ರತಿಕಾಯ ಮೆತ್ತಿಕೊಂಡ ಬ್ಯಾಕ್ಟೀರಿಯಾವನ್ನು ಹಿಡಿಯೋಕೆ ಬೇರೆ ಗ್ರಾಹಕ ಇದೆ. ಇಲಿಯ ಪ್ಲೇಟ್‌ಲೆಟ್‌ನಲ್ಲಿ ಈ ಎರಡನೆಯದು ಇಲ್ಲವೇ ಇಲ್ಲ, ಆದ್ದರಿಂದ ಇಲಿಯಲ್ಲಿ ಕಂಡದ್ದನ್ನೆಲ್ಲ ರೋಗಿಗೆ ಹಚ್ಚೋಕೆ ಹೋಗಬೇಡಿ.

ಹಿಡಿದ ಮೇಲೆ ಒಳಗಿನ ಆಲ್ಫಾ ಗ್ರಾನ್ಯೂಲ್ ಅನ್ನೋ ಪುಟ್ಟ ಚೀಲಗಳು ಖಾಲಿಯಾಗುತ್ತವೆ. ಪಿಎಫ್-4, ಥ್ರಾಂಬೋಸಿಡಿನ್‌ನಂಥ ಪ್ರೋಟೀನುಗಳು ಹೊರಬರುತ್ತವೆ, ಇವುಗಳಲ್ಲಿ ಕೆಲವು ನೇರವಾಗಿ ಬ್ಯಾಕ್ಟೀರಿಯಾ ಕೊಲ್ಲಬಲ್ಲವು. ಆದರೆ ಒಂಟಿಯಾಗಿ ಕೊಲ್ಲೋದಕ್ಕಿಂತ ಬೇರೆ ಕಣಗಳನ್ನು ಎಬ್ಬಿಸೋದರಲ್ಲೇ ಇವುಗಳ ಬಲ ಹೆಚ್ಚು ಅಂತ ನನ್ನ ಅಭಿಪ್ರಾಯ. ಎಂಡೋಟಾಕ್ಸಿನ್‌ನಿಂದ ಕೆರಳಿದ ಪ್ಲೇಟ್‌ಲೆಟ್ ನ್ಯೂಟ್ರೋಫಿಲ್ ಅನ್ನೋ ಬಿಳಿ ಕಣಕ್ಕೆ ಅಂಟಿಕೊಂಡರೆ, ನ್ಯೂಟ್ರೋಫಿಲ್ ತನ್ನ ಡಿಎನ್‌ಎಯನ್ನೇ ಬಲೆಯಾಗಿ ಹೊರಚೆಲ್ಲಿ ಬ್ಯಾಕ್ಟೀರಿಯಾ ಸಿಕ್ಕಿಸುತ್ತೆ. ಕೆನಡಾದ ಕ್ಯಾಲ್ಗರಿಯ ತಂಡ ಇದನ್ನು 2007ರಲ್ಲಿ ತೋರಿಸಿತು. ಅದೇ ಊರಿನವರು 2013ರಲ್ಲಿ, ಲಿವರಿನ ಕುಪ್ಫರ್ ಕಣ (ರೋಗಾಣು ನುಂಗೋ ಕಣ) ಬ್ಯಾಕ್ಟೀರಿಯಾ ಹಿಡಿದ ಕೂಡಲೇ ಪ್ಲೇಟ್‌ಲೆಟ್‌ಗಳು ಬಂದು ಸುತ್ತುಗಟ್ಟಿಕೊಳ್ಳೋದನ್ನು ಇಲಿಗಳಲ್ಲಿ ಕಂಡರು.

ಹೀಗೆ ಲಿವರ್, ಶ್ವಾಸಕೋಶದಲ್ಲಿ ಸಿಕ್ಕಿಕೊಂಡವು ಸಿಬಿಸಿಯಲ್ಲಿ (ರಕ್ತಕಣ ಎಣಿಸೋ ಪರೀಕ್ಷೆಯಲ್ಲಿ) ಕಾಣಲ್ಲ. ಡಿಐಸಿ (ಮೈಯೆಲ್ಲಾ ರಕ್ತ ಹೆಪ್ಪುಗಟ್ಟೋ ಸ್ಥಿತಿ) ಶುರುವಾದರೆ ಸಣ್ಣ ನಾಳಗಳ ಹೆಪ್ಪಿನಲ್ಲಿ ಮತ್ತಷ್ಟು ಹೋಗುತ್ತವೆ. ಮೇಲಿಂದ ಮೂಳೆಮಜ್ಜೆಯ ಉತ್ಪಾದನೆಯೂ ಕುಗ್ಗಿರಬಹುದು. ಅಂಗಾಂಗ ಎಷ್ಟು ಸೋತಿವೆ ಅಂತ ಅಳೆಯೋ ಸೋಫಾ ಸ್ಕೋರಿನಲ್ಲಿ ಒಂದೂವರೆ ಲಕ್ಷದ ಕೆಳಗೆ 1, ಒಂದು ಲಕ್ಷದ ಕೆಳಗೆ 2, 50 ಸಾವಿರದ ಕೆಳಗೆ 3, 20 ಸಾವಿರದ ಕೆಳಗೆ 4 ಅಂಕ ಇರೋದು ಇದಕ್ಕೇ.

ಮನೆಯವರಿಗೆ ಹೀಗೆ ಹೇಳಿ: ‘ಸೋಂಕು ನಿಲ್ಲದೆ ಹಾಕಿದರೆ ಹಾಕಿದ್ದೂ ಹಾಗೇ ಕರಗುತ್ತೆ.’ ರಕ್ತಸ್ರಾವ ಇಲ್ಲದಿದ್ದರೆ 10 ಸಾವಿರದ ಕೆಳಗೆ, ರಕ್ತಸ್ರಾವದ ಅಪಾಯ ಹೆಚ್ಚಿದ್ದರೆ 20 ಸಾವಿರದ ಕೆಳಗೆ ಹಾಕ್ತೀವಿ. ರಕ್ತ ಹೋಗ್ತಿದ್ದರೆ, ಆಪರೇಷನ್ ಇದ್ದರೆ 50 ಸಾವಿರ ಇರಬೇಕು. ಈಗಿನ 60 ಸಾವಿರಕ್ಕೆ ಬೇಕಾದ್ದು ಸರಿಯಾದ ಆಂಟಿಬಯಾಟಿಕ್. ಅದಕ್ಕೂ ಮೊದಲು ಎರಡು ಬೇರೆ ಬೇರೆ ಜಾಗದಿಂದ ರಕ್ತದ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡೋ ಪರೀಕ್ಷೆ), ದೊಡ್ಡವರಿಗೆ ಪ್ರತಿ ಬಾಟಲಿಗೆ 8–10 ಎಂಎಲ್. ಕಲ್ಚರ್‌ಗೋಸ್ಕರ ಔಷಧಿ ತಡ ಮಾಡಬೇಡಿ. ಮೂತ್ರನಾಳದಲ್ಲಿ ಕಲ್ಲು ಅಡ್ಡ ಇದ್ದರೆ ಅದನ್ನೂ ಬಿಡಿಸಬೇಕು.

ಪ್ರತಿಕ್ರಿಯೆ (ಲ್ಯಾಬ್ ಟೆಕ್ನಿಷಿಯನ್):
ಒಂದು ಸೇರಿಸ್ತೀನಿ. ಗಾಬರಿಯಾಗೋ ಮುಂಚೆ ಸ್ಮಿಯರ್ (ಗಾಜಿನ ಮೇಲೆ ಸವರಿದ ರಕ್ತ) ನೋಡಿಸಿ. ಕೆಲವರ ಪ್ಲೇಟ್‌ಲೆಟ್ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ ಗುಂಪುಗಟ್ಟುತ್ತೆ, ಮೆಷಿನ್ ಆ ಗುಂಪನ್ನು ಪ್ಲೇಟ್‌ಲೆಟ್ ಅಂತ ಎಣಿಸಲ್ಲ. ಸ್ಮಿಯರಿನ ತುದಿಯಂಚಿನಲ್ಲಿ ಗುಂಪು ಕಂಡ್ರೆ ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ತೆಗೀರಿ, ಬಂದ ಸಂಖ್ಯೆಯನ್ನು 1.1ರಿಂದ ಗುಣಿಸಿ. ಟ್ಯೂಬನ್ನು ಗೆರೆವರೆಗೂ ತುಂಬಿಸದಿದ್ರೆ ಈ ಲೆಕ್ಕ ತಪ್ಪುತ್ತೆ.

ಪ್ರಶ್ನೆ (ಇನ್ನೊಬ್ಬ ಸದಸ್ಯರು):
ಹಾಗಾದ್ರೆ ಸ್ಟೆಂಟ್ ಹಾಕಿಸಿಕೊಂಡು ಆಸ್ಪಿರಿನ್ ತಗೊಳ್ಳೋರಿಗೆ ರೋಗನಿರೋಧಕ ಶಕ್ತಿ ಕಮ್ಮಿ ಆಗುತ್ತಾ?

ಉತ್ತರ (ರಕ್ತರೋಗ ತಜ್ಞೆ):
ಹಾಗಂದುಕೊಂಡು ನಿಲ್ಲಿಸಬೇಡಿ, ಸ್ಟೆಂಟ್ ಕಟ್ಟಿಕೊಂಡರೆ ಜೀವಕ್ಕೇ ಅಪಾಯ. ಆಸ್ಪಿರಿನ್ ತಡೆಯೋದು ಪ್ಲೇಟ್‌ಲೆಟ್ ಕೆರಳಿಸೋ ಥ್ರಾಂಬಾಕ್ಸೇನ್ ದಾರಿಯೊಂದನ್ನು ಮಾತ್ರ, ಮೇಲೆ ಹೇಳಿದ ಗ್ರಾಹಕಗಳು ಇದ್ದಲ್ಲೇ ಇರುತ್ತವೆ. ಅದು ಸೋಂಕಿನಿಂದ ಕಾಪಾಡುತ್ತೆ ಅನ್ನೋ ಉಲ್ಟಾ ಆಸೆಯೂ ಬೇಡ. ಆಸ್ಟ್ರೇಲಿಯಾದಲ್ಲಿ 70 ದಾಟಿದವರಿಗೆ ದಿನಾ 100 ಮಿಲಿಗ್ರಾಂ ಕೊಟ್ಟು ನೋಡಿದ ಆಂಟಿಸೆಪ್ಸಿಸ್ ಪ್ರಯೋಗದಲ್ಲಿ ಸೆಪ್ಸಿಸ್ ಸಾವು ಕಮ್ಮಿಯಾಗಲಿಲ್ಲ.

ಪ್ಲೇಟ್‌ಲೆಟ್‌ನ ಕೆಲಸ ತಿರುಗುಬಾಣ ಆಗೋದು ಹೃದಯದ ಕವಾಟದಲ್ಲಿ. ಸ್ಟ್ಯಾಫ್ ಆರಿಯಸ್ ಅನ್ನೋ ಬ್ಯಾಕ್ಟೀರಿಯಾ ರಕ್ತದಲ್ಲಿರೋ ಫೈಬ್ರಿನೋಜನ್ ಪ್ರೋಟೀನ್ ಹಿಡಿದುಕೊಂಡು, ಅದರ ಮೂಲಕ ಪ್ಲೇಟ್‌ಲೆಟ್‌ಗೆ ಅಂಟುತ್ತೆ. ಪದರದ ಮೇಲೆ ಪದರ ಕೂತು ಬ್ಯಾಕ್ಟೀರಿಯಾ ಒಳಗೇ ಸುರಕ್ಷಿತವಾಗಿ ಉಳಿಯುತ್ತೆ, ಬಿಳಿ ಕಣ ಅಲ್ಲಿಗೆ ತಲುಪಲ್ಲ. ಎಂಡೋಕಾರ್ಡೈಟಿಸ್‌ಗೆ (ಕವಾಟದ ಈ ಸೋಂಕಿಗೆ) ಸಾಮಾನ್ಯವಾಗಿ 4ರಿಂದ 6 ವಾರ ಆಂಟಿಬಯಾಟಿಕ್ ಕೊಡೋದು ಅದಕ್ಕೇ.

ಪ್ರಶ್ನೆ (ಐಸಿಯು ಸ್ಟಾಫ್ ನರ್ಸ್):
ಹಾಕಲೇಬೇಕಾದಾಗ ಬ್ಯಾಗ್ ಬಂದ ಮೇಲೆ ವಾರ್ಡ್ ಫ್ರಿಜ್‌ನಲ್ಲಿ ಇಡಬಹುದಾ?

ಉತ್ತರ (ರಕ್ತರೋಗ ತಜ್ಞೆ):
ಬೇಡವೇ ಬೇಡ. ತಣ್ಣಗಾದ ಪ್ಲೇಟ್‌ಲೆಟ್‌ನ ಮೇಲ್ಮೈ ಗ್ರಾಹಕಗಳು ಗುಂಪುಗೂಡುತ್ತವೆ, ಒಳಗೆ ಹೋದ ಕೂಡಲೇ ಲಿವರ್ ಅದನ್ನು ತೆಗೆದುಹಾಕುತ್ತೆ. ಆದ್ದರಿಂದಲೇ ಬ್ಲಡ್ ಬ್ಯಾಂಕಿನವರು 20–24 ಡಿಗ್ರಿಯಲ್ಲಿ ಅಲುಗಿಸುತ್ತಾ, ಸಾಮಾನ್ಯವಾಗಿ 5 ದಿನ ಮಾತ್ರ ಇಡೋದು. ಆ ಬಿಸಿಯಲ್ಲಿ ದಾನಿಯ ಚರ್ಮದಿಂದ ಬಂದ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯಬಲ್ಲದು. ಬ್ಯಾಗ್ ಬಂದ ಕೂಡಲೇ ಫಿಲ್ಟರ್ ಇರುವ ಸೆಟ್‌ನಲ್ಲಿ ಶುರು ಮಾಡಿ. ನಡುವೆ ಚಳಿ ನಡುಕ, ಜ್ವರ, ಬಿಪಿ ಇಳಿತ ಕಂಡ್ರೆ ತಕ್ಷಣ ನಿಲ್ಲಿಸಿ, ಸೆಟ್ ಬದಲಿಸಿ ಸಲೈನ್‌ನಲ್ಲಿ ಲೈನ್ ತೆರೆದಿಡಿ, ಡಾಕ್ಟರಿಗೆ ತಿಳಿಸಿ. ಉಳಿದ ಬ್ಯಾಗ್ ಎಸೆಯಬೇಡಿ. ಮುಚ್ಚಿ ಬ್ಲಡ್ ಬ್ಯಾಂಕಿಗೆ ಕಳಿಸಿ, ರೋಗಿಯ ಇನ್ನೊಂದು ಕೈಯಿಂದ ಕಲ್ಚರ್ ತೆಗೆಯಿರಿ.