ಸಹಾಯ ಬೇಕು: ಹಸಿದ ಇಲಿಯ ಭಯ ಅಳೆಯೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ಮನಃಶಾಸ್ತ್ರ ಎಂಎ ಓದುತ್ತಿದ್ದೇನೆ, ಮುಂದಿನ ವಾರ ಸೆಮಿನಾರ್ ಇದೆ. ಇಲಿಗೆ ಒಂದು ಸದ್ದು ಕೇಳಿಸಿ ಕಾಲಿಗೆ ಸಣ್ಣ ಶಾಕ್ ಕೊಡುತ್ತಾರೆ. ಆಮೇಲೆ 5 ತಾಸು ಮಲಗಲು ಬಿಡದಿದ್ದರೆ, ಮರುದಿನ ಅದೇ ಪಂಜರದಲ್ಲಿ ಬಿಟ್ಟಾಗ ಹೆದರಿಕೆ ಕಡಿಮೆ, ಸದ್ದಿಗೆ ಮಾತ್ರ ಮೊದಲಿನಂತೆಯೇ ಹೆದರುತ್ತದೆ. ಜಾಗದ ನೆನಪಿಗೆ ಮೆದುಳಿನ ಹಿಪೊಕ್ಯಾಂಪಸ್ ಅನ್ನೋ ಭಾಗ ಬೇಕು, ನಿದ್ದೆಗೆಟ್ಟರೆ ಪೆಟ್ಟು ಬೀಳೋದು ಅದಕ್ಕೆ. ಇಷ್ಟು ತಿಳಿಯಿತು.

ತೊಡಕಾಗಿರುವುದು ಹಸಿವಿನದ್ದು. ಉಸಿರಾಟವೊಂದು ಬಿಟ್ಟು ಬೇರೇನೂ ಅಲುಗಾಡದೆ ಇಲಿ ಎಷ್ಟು ಹೊತ್ತು ನಿಂತಿತ್ತು ಅಂತ ನೋಡಿಯೇ ಭಯ ಅಳೆಯೋದು ಅಲ್ವಾ? ಹಸಿದ ಇಲಿ ಮೂಗು ಆಡಿಸುತ್ತಾ ಕಾಳು ಹುಡುಕಿಕೊಂಡು ಓಡಾಡಿದರೆ ಅದಕ್ಕೆ ಭಯವೇ ಇಲ್ಲ ಅಂತಲಾ, ಅಥವಾ ಹೊಟ್ಟೆ ಸುಮ್ನೆ ನಿಲ್ಲಲು ಬಿಡುತ್ತಿಲ್ಲ ಅಂತಲಾ? ಎರಡನ್ನೂ ಬೇರೆ ಮಾಡೋದು ಹೇಗೆ? ಹುಬ್ಬಳ್ಳಿ-ಧಾರವಾಡದಲ್ಲಿ ಇಲಿಗಳ ಜೊತೆ ಲ್ಯಾಬ್‌ನಲ್ಲಿ ಕೆಲಸ ಮಾಡಿದವರಿದ್ದರೆ ದಯವಿಟ್ಟು ತಿಳಿಸಿ, ಸಂಜೆ ನೀವು ಹೇಳಿದಲ್ಲಿಗೆ ಬರುತ್ತೇನೆ.