ಅಪ್‌ಡೇಟ್: ಆ ಕ್ರ್ಯಾಶ್‌ಪ್ಯಾಡ್ ಹ್ಯಾಂಡ್ಲರ್ ವೈರಸ್ ಅಲ್ಲ

ಉಬುಂಟು ಅನ್ನೋ ಲಿನಕ್ಸ್ ಸಿಸ್ಟಮ್‌ನಲ್ಲಿ ಕ್ರೋಮ್ ಬ್ರೌಸರ್ ತೆರೆದಾಗಲೆಲ್ಲ ‘ಕ್ರ್ಯಾಶ್‌ಪ್ಯಾಡ್ ಹ್ಯಾಂಡ್ಲರ್’ ಅನ್ನೋ ಪ್ರೊಸೆಸ್ (ಹಿನ್ನೆಲೆಯಲ್ಲಿ ಓಡೋ ಪ್ರೋಗ್ರಾಂ) ಓಡ್ತಿದೆ, ಏನಿದು, ವೈರಸ್ಸಾ ಅಂತ ಇಲ್ಲಿ ಕೇಳಿದ್ದೆನಲ್ಲ, ಈಗ ಅರ್ಥ ಆಯ್ತು. ಬಿದ್ದವನೇ ಪಂಚನಾಮೆ ಬರೆಯೋಕಾಗುತ್ತಾ? ಅದಕ್ಕೇ ಪಕ್ಕದಲ್ಲಿ ಇನ್ನೊಂದು ಪ್ರೊಸೆಸ್ ಕಾಯ್ತಾ ಕೂತಿರುತ್ತೆ. ಬ್ರೌಸರ್ ಕುಸಿದ ಕ್ಷಣದ ಮೆಮೊರಿಯ ಚಿಕ್ಕ ನಕಲು, ಅಂದ್ರೆ ಮಿನಿಡಂಪ್, ತೆಗೆದಿಡುತ್ತೆ.

ವೈರಸ್ಸೂ ಅದೇ ಹೆಸರಿಟ್ಕೊಂಡಿರಬಹುದು, ಬರೀ ಹೆಸರು ನೋಡಿ ನಂಬಬೇಡಿ ಅಂತ ನೀವು ಅಂದಿದ್ರಿ. ಸರಿ, ಫೈಲ್ ಎಲ್ಲಿದೆ ಅಂತ ಹುಡುಕಿದೆ. ಆಪ್ಟ್ ಫೋಲ್ಡರಿನೊಳಗೆ ಕ್ರೋಮ್ ಜೊತೆಗೇ ಇದೆ. ಯಾವ ಫೈಲ್ ಯಾವ ಪ್ಯಾಕೇಜಿನದ್ದು ಅಂತ ಹೇಳೋ ಡಿಪಿಕೆಜಿ ಕಮಾಂಡ್ ಕೇಳಿದ್ರೆ ಕ್ರೋಮ್ ಪ್ಯಾಕೇಜಿನದ್ದೇ ಅಂತು, ಫೈಲ್ ಬದಲಾಗಿದೆಯಾ ಅಂತ ನೋಡೋ ಚೆಕ್‌ಸಮ್ಮೂ ತಾಳೆಯಾಯ್ತು.

ನಾನು ಎಡವಿದ್ದು ಒಂದೇ ಕಡೆ: ಸೆಟ್ಟಿಂಗ್ಸ್‌ನಲ್ಲಿ ಕ್ರ್ಯಾಶ್ ವರದಿ ಆಫ್ ಮಾಡಿದ್ರೂ ನಂದ್ರಲ್ಲಿ ಪ್ರೊಸೆಸ್ ಹೋಗಲಿಲ್ಲ. ನಿಲ್ಲೋದು ವರದಿ ಕಳಿಸೋದು ಮಾತ್ರವಂತೆ. ಕ್ರೋಮ್‌ನದ್ದೇ ಕ್ರ್ಯಾಶಸ್ ಪುಟದಲ್ಲಿ ನೋಡಿದೆ, ಕಳಿಸಿದ ವರದಿ ಒಂದೂ ಇಲ್ಲ. ಸುಮ್ನೆ ಒಂದು ವಾರ ತಲೆ ಕೆಡಿಸ್ಕೊಂಡೆ!