ಸಮುದ್ರದ ನೀರು ಅಡಿಗೆಮನೆ ಆರ್‌ಓಗೆ ಹಾಕಿದ್ರೆ ಏನಾಗ್ತದೆ? (ನೀರಿನ ಇಂಜಿನಿಯರ್ ಹತ್ರ ಕೇಳಿ)

ಪ್ರಶ್ನೆ, ಕುಮಟಾ ಬದಿಯಿಂದ: ಸರ್ ನಮ್ಮನೆ ಬಾವಿ ಏಪ್ರಿಲ್ ಬಂತು ಅಂದ್ರೆ ಸವಳು, ಚಾಕ್ಕೆ ಹಾಲು ಹಾಕಿದ್ರೆ ಒಡೀತದೆ. ಟ್ಯಾಂಕರ್ ಕಾದು ಕಾದು ತಲೆ ಕೆಟ್ಟು ಮೊನ್ನೆ ಒಂದು ಕೊಡ ಸಮುದ್ರದ ನೀರು ತಂದು ಆರ್‌ಓಗೆ ಹಾಕ್ಬಿಟ್ಟೆ. ಅರ್ಧ ಗಂಟೆ ಪಂಪು ಗುಂಯ್ ಅಂತು, ಒಂದು ಹನಿ ಬರ್ಲಿಲ್ಲ. ಹೆಂಡತಿ ಬೈದದ್ದು ಬೇರೆ. ಮಷೀನ್ ಹಾಳಾಯ್ತಾ? ಚೆನ್ನೈಯಲ್ಲಿ ಸಮುದ್ರದ ನೀರನ್ನೇ ಕುಡೀತಾರಂತಲ್ಲ, ನಮಗ್ಯಾಕೆ ಆಗಲ್ಲ?

ಉತ್ತರ: ಮಷೀನ್ ಬಹುಶಃ ಉಳ್ಕೊಂಡಿದೆ, ಒಳ್ಳೆ ನೀರು ಹಾಕಿ ಒಂದೆರಡು ಗಂಟೆ ಓಡಿಸಿ, ಬಂದದ್ದನ್ನೆಲ್ಲ ಚೆಲ್ಲಿ, ಮರಳು ಹೋಗಿದ್ರೆ ನೀರು ಮೊದ್ಲು ಹಾಯೋ ಫಿಲ್ಟರ್ ಬದಲಾಯಿಸ್ಬೇಕಾದೀತು ಅಷ್ಟೆ. ಹನಿ ಬರ್ದೇ ಇದ್ದದ್ದು ಪಂಪಿನ ತಪ್ಪಲ್ಲ ಮಾರಾಯ್ರೆ. ಆರ್‌ಓ ಅಂದ್ರೆ ಮೆಂಬ್ರೇನ್ ಅನ್ನೋ ತೆಳು ಪೊರೆ ಮೂಲಕ ನೀರನ್ನ ಒತ್ತಿ ದಾಟಿಸೋದು, ಉಪ್ಪು ಹಿಂದೆ ಉಳೀತದೆ. ಸಮುದ್ರದ ನೀರಲ್ಲಿ ಲೀಟರ್‌ಗೆ ಸುಮಾರು 35 ಗ್ರಾಂ ಉಪ್ಪು, ಆ ಉಪ್ಪು ನೀರನ್ನ ತನ್ನ ಕಡೆ ಎಳ್ಕೊಳ್ಳೋ ಶಕ್ತಿನೇ ಹತ್ರಹತ್ರ 27 ಬಾರ್ (ಬಾರ್ ಅಂದ್ರೆ ಒತ್ತಡದ ಅಳತೆ). ನಿಮ್ಮ ಅಡಿಗೆಮನೆ ಪಂಪು ಕೊಡೋದು ಐದಾರು ಬಾರ್. ಹಗ್ಗ ಜಗ್ಗಾಟದಲ್ಲಿ ಒಂದು ಕಡೆ ಐದು ಜನ, ಇನ್ನೊಂದು ಕಡೆ ಇಪ್ಪತ್ತೇಳು, ಯಾರು ಗೆಲ್ತಾರೆ ಹೇಳಿ.

ಗೆಲ್ಬೇಕಂದ್ರೆ ದೊಡ್ಡ ಸ್ಥಾವರಗಳಲ್ಲಿ 55ರಿಂದ 70 ಬಾರ್ ತನಕ ಒತ್ತಡ ಕೊಡ್ತಾರೆ. ಅದೆಷ್ಟು ಅಂತ ಅಂದಾಜಾಗ್ಬೇಕಾದ್ರೆ ಹೀಗೆ ಯೋಚ್ನೆ ಮಾಡಿ, ಶಿರಸಿ ಸಮುದ್ರಕ್ಕಿಂತ ಸುಮಾರು 600 ಮೀಟರ್ ಎತ್ತರದಲ್ಲಿದೆ, ಅಲ್ಲಿಂದ ದೇವಿಮನೆ ಘಟ್ಟದಲ್ಲಿ ಪೈಪು ಇಳಿಸಿ ಕುಮಟಾದಲ್ಲಿ ನಲ್ಲಿ ಮುಚ್ಚಿ ಹಿಡಿದ್ರೆ ಆ ನಲ್ಲಿ ಮೇಲೆ ಬೀಳೋ ಒತ್ತಡ 60 ಬಾರ್. ನಾನು ಶಿರಸಿಯವ, ಸಮುದ್ರದ ಪ್ಲಾಂಟಲ್ಲಿ ಕೆಲ್ಸಕ್ಕೆ ಸೇರಿದಾಗ ಮನೆಯವರಿಗೆ ಹೀಗೇ ಹೇಳಿದ್ದು.

ಚೆನ್ನೈ ಮಾಡ್ತಿರೋದು ಅದನ್ನೇ. ಮಿಂಜೂರಲ್ಲಿ 2010ರಲ್ಲಿ, ನೆಮ್ಮೇಲಿಯಲ್ಲಿ 2013ರಲ್ಲಿ, ದಿನಕ್ಕೆ ತಲಾ 10 ಕೋಟಿ ಲೀಟರಿನ ಸ್ಥಾವರ ಶುರುವಾಯ್ತು. ಸಾವಿರ ಲೀಟರ್‌ಗೆ ಮೂರು ನಾಲ್ಕು ಯೂನಿಟ್ ಕರೆಂಟು ಅಂತ ಹೇಳ್ತಾರಲ್ಲ, ಅದು ವಾಪಸ್ ಹೋಗೋ ಉಪ್ಪುನೀರಿನ ಒತ್ತಡವನ್ನೇ ಹಿಡಿದು ಒಳಗೆ ಬರೋ ನೀರಿಗೆ ದಾಟಿಸೋ ಉಪಕರಣ ಇದ್ರೆ ಮಾತ್ರ. ಸಣ್ಣ ರೆಸಾರ್ಟ್ ಲೆವೆಲ್ ಮಷೀನ್‌ಗಳಲ್ಲಿ ಅದು ಎಷ್ಟೋ ಸಲ ಇರೋದೇ ಇಲ್ಲ, ಆಗ ಕರೆಂಟು ಎರಡು ಪಟ್ಟು ದಾಟ್ತದೆ. ಸೇಲ್ಸ್‌ನವ ಬಂದು ಸೋಲಾರ್ ಪ್ಯಾನೆಲ್ ಫೋಟೋ ತೋರಿಸಿ ಪರಿಸರಸ್ನೇಹಿ ಅಂದ್ರೆ ಮೊದ್ಲು ಇದನ್ನೇ ಕೇಳಿ.

ಪ್ರಶ್ನೆ, ಶಿರಸಿ: ನಮ್ಮೂರವರೇ ಆದ್ರಿಂದ ಕೇಳ್ತೇನೆ, ಇಷ್ಟೆಲ್ಲ ರಗಳೆ ಯಾಕೆ? ಬಚ್ಚಲ ಹಂಡೆಯಲ್ಲಿ ಕುದಿಸಿ ಆವಿ ಹಿಡಿದ್ರಾಯ್ತಪ್ಪ.

ಉತ್ತರ: ಒಂದು ಲೀಟರ್ ನೀರನ್ನ ಪೂರ್ತಿ ಆವಿ ಮಾಡ್ಲಿಕ್ಕೆ ಕಾಯಿಸೋ ಲೆಕ್ಕ ಬಿಟ್ಟೇ 0.63 ಯೂನಿಟ್ ಬೇಕು. ಸಾವಿರ ಲೀಟರ್‌ಗೆ 630. ಆರ್‌ಓದ ಮೂರ್ನಾಲ್ಕರ ಎದುರು ನೋಡಿ. ಆ ಲೆಕ್ಕದಲ್ಲಿ ಕಟ್ಟಿಗೆ ಉರಿಸಿದ್ರೆ ನಿಮ್ಮ ಬೆಟ್ಟ ಬೋಳಾಗ್ತದೆ. ಬಿಸಿಲಲ್ಲಿ ಗಾಜಿನ ಪೆಟ್ಟಿಗೆ ಇಟ್ಟು ಹಿಡೀಬಹುದು, ಒಂದು ಚದರ ಮೀಟರಿಗೆ ದಿನಕ್ಕೆ ಎರಡರಿಂದ ನಾಲ್ಕು ಲೀಟರ್, ಮನೆಮಂದಿ ಕುಡಿಯೋ ನೀರಿಗೆ ಮೂರ್ನಾಲ್ಕು ಪೆಟ್ಟಿಗೆ ಸಾಕು. ಗಾಜು ಒರೆಸೋ ತಾಳ್ಮೆ ಇರ್ಬೇಕು.

ಪ್ರಶ್ನೆ, ಕಾರವಾರ: ಲಕ್ಷದ್ವೀಪದಲ್ಲಿ ಮೆಂಬ್ರೇನ್ ಇಲ್ದೇನೇ ಮಾಡ್ತಾರೆ ಅಂತ ಓದಿದ್ದೆ. ಅದೇ ಅರಬ್ಬಿ ಸಮುದ್ರ ತಾನೇ?

ಉತ್ತರ: ಸಮುದ್ರ ಅದೇ, ಆದ್ರೆ ತಳ ಬೇರೆ. ಕವರತ್ತಿಯಲ್ಲಿ 2005ರಿಂದ ದಿನಕ್ಕೆ ಒಂದು ಲಕ್ಷ ಲೀಟರ್ ಮಾಡ್ತಾರೆ, ಎನ್‌ಐಓಟಿಯವರು (ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ) ಕಟ್ಟಿದ್ದು. ಗಾಳಿ ಎಳೆದು ಒತ್ತಡ ಇಳಿಸಿದ ಪಾತ್ರೆಯಲ್ಲಿ ಮೇಲಿನ ಬೆಚ್ಚಗಿನ ನೀರು 28 ಡಿಗ್ರಿಗೇ ಆವಿಯಾಗ್ತದೆ, 350 ಮೀಟರ್ ಆಸುಪಾಸಿನ ಆಳದಿಂದ ಎತ್ತಿದ ತಣ್ಣೀರು ಅದನ್ನ ಮತ್ತೆ ನೀರು ಮಾಡ್ತದೆ. ಅಲ್ಲಿ ದ್ವೀಪದ ಬುಡ ದಡದ ಹತ್ರವೇ ಕಡಿದಾಗಿ ಇಳೀತದೆ. ನಮ್ಮಲ್ಲಿ? ಬೈತಖೋಲದ ಟ್ರಾಲರ್‌ನವರನ್ನ ಕೇಳಿ, ಹತ್ತಾರು ಕಿಲೋಮೀಟರ್ ಹೋದ್ರೂ ಆಳ ನೂರು ಮೀಟರ್ ಆಗಲ್ಲ. ಅಷ್ಟುದ್ದ ಪೈಪು ಹಾಕೋರ್ಯಾರು.

ಪ್ರಶ್ನೆ, ಕಾಲೇಜು ವಿದ್ಯಾರ್ಥಿನಿ, ಕುಮಟಾ: ಉಳಿದ ಉಪ್ಪುನೀರು ಎಲ್ಲಿ ಬಿಡ್ತಾರೆ? ಸಾಣಿಕಟ್ಟಾದ ಉಪ್ಪಿನ ಆಗರಕ್ಕೆ ಕೊಟ್ರೆ ಉಪ್ಪು ಬೇಗ ಆಗಲ್ವಾ?

ಉತ್ತರ: ಇದು ನನಗೆ ಇಷ್ಟದ ಪ್ರಶ್ನೆ. ನೂರು ಲೀಟರ್ ಎತ್ತಿದ್ರೆ ನಲವತ್ತು ನಲವತ್ತೈದು ಲೀಟರ್ ಸಿಹಿ ಬರ್ತದೆ, ಉಳಿದದ್ದು ಹೆಚ್ಚುಕಮ್ಮಿ ಎರಡು ಪಟ್ಟು ಉಪ್ಪಾಗಿ ವಾಪಸ್. ಭಾರದ ನೀರು ಅದು, ತಳ ಹಿಡಿದು ಹರೀತದೆ. ಅದನ್ನ ಅಲೆ, ಸೆಳೆತ ಜೋರಿರೋ ತೆರೆದ ಸಮುದ್ರದಲ್ಲಿ ಹರಡಿ ಬಿಟ್ರೆ ಬೇಗ ಕರಗ್ತದೆ, ಅಘನಾಶಿನಿ ಅಳಿವೆ ಒಳಗೆ ಬಿಟ್ರೆ ಅಲ್ಲಿನ ಬಳಚು (ಚಿಪ್ಪಿನ ಜೀವಿ) ಸಾಯ್ತದೆ. ಬಳಚು ಎದ್ದು ಓಡ್ಲಿಕ್ಕೆ ಮೀನಲ್ಲವಲ್ಲ. 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದ್ರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದ ಜಾಗ ಬೇರೆ ಅದು. ನದಿ ಬಾಯಿಂದ ನೀರು ಎತ್ತೋದೂ ಬೇಡ ಅಂತೇನೆ ನಾನು, ಮಳೆಗಾಲದಲ್ಲಿ ಕೆಮ್ಮಣ್ಣು ಬಂದು ಮೆಂಬ್ರೇನ್ ಮೇಲೆ ಕೂತ್ರೆ ತೊಳೆದು ಮುಗಿಯೋದಿಲ್ಲ, ಒಂದು ಸಲ ಬಿಚ್ಚಿ ನೋಡಿದ್ದೆ, ಗದ್ದೆ ಕೆಸರಲ್ಲಿ ನೆನೆಸಿಟ್ಟ ಬಟ್ಟೆ ಥರ ಲೋಳೆ ಲೋಳೆ.

ಸಾಣಿಕಟ್ಟಾ ಐಡಿಯಾ ಪೂರ್ತಿ ಹುಚ್ಚಲ್ಲ. ಆಗರದಲ್ಲಿ ನೀರು ಹತ್ತರಲ್ಲೊಂದು ಪಾಲಿಗೆ ಇಳಿದಾಗ ಉಪ್ಪು ಕಟ್ತದೆ, ಸ್ಥಾವರದಿಂದ ಬರೋ ಉಪ್ಪುನೀರಲ್ಲಿ ಆ ಕೆಲ್ಸ ಅರ್ಧ ಮೊದ್ಲೇ ಆಗಿರ್ತದೆ. ಆದ್ರೆ ಮೆಂಬ್ರೇನಿಗೆ ಪಾಚಿ ಕಟ್ಟದ ಹಾಗೆ ಹಾಕೋ ಕೆಮಿಕಲ್ಲೂ ಆ ನೀರಲ್ಲೇ ಇರ್ತದೆ. ತಿನ್ನೋ ಉಪ್ಪು ಅಲ್ವಾ, ಟೆಸ್ಟ್ ಮಾಡ್ದೇ ನಾನಂತೂ ಒಪ್ಪಲ್ಲ.

ಮೊದಲ ಪ್ರಶ್ನೆಯವರು ಮತ್ತೆ: ನೀವು ಇನ್‌ಬಾಕ್ಸಲ್ಲಿ ಹೇಳಿದ ಹಾಗೆ ಟಿಡಿಎಸ್ ಪೆನ್ (ಲೀಟರ್ ನೀರಲ್ಲಿ ಎಷ್ಟು ಮಿಲಿಗ್ರಾಂ ಉಪ್ಪು ಕರಗಿದೆ ಅಂತ ತೋರಿಸೋದು) ತಂದು ಬಾವಿ ನೀರು ಅಳೆದೆ. ಬೆಳಿಗ್ಗೆ ಕೊಡದಲ್ಲಿ ಎತ್ತಿದ್ದು 850, ಎರಡು ಗಂಟೆ ಪಂಪು ಹಾಕಿ ತೋಟಕ್ಕೆ ಬಿಟ್ಟ ಮೇಲೆ 2700. ಪೆನ್ ಕೆಟ್ಟಿದ್ಯಾ?

ಉತ್ತರ: ಪೆನ್ ಸರಿ ಇದೆ, ಕೆಟ್ಟದ್ದು ಪಂಪಿನ ಚಾಳಿ. ಕಡಲಬದಿ ಬಾವಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲ್ತಾ ಇರ್ತದೆ, ಹಾಲಿನ ಮೇಲೆ ಕೆನೆ ಇದ್ದ ಹಾಗೆ. ಸಿಹಿನೀರಿನ ಮಟ್ಟ ಒಂದಡಿ ಇಳಿದ್ರೆ ಕೆಳಗಿನ ಉಪ್ಪು ಲೆಕ್ಕದ ಪ್ರಕಾರ ನಲವತ್ತಡಿ ಮೇಲೇರ್ಲಿಕ್ಕೆ ನೋಡ್ತದೆ. ನಿಮಗೆ ಬೇಕಾದ್ದು ಸಮುದ್ರ ಅಲ್ಲ, ಆ ಬೆಳಗಿನ 850. ಸರ್ಕಾರಿ ಮಾನದಂಡದಲ್ಲಿ 500 ಇದ್ರೆ ಒಳ್ಳೇದು, ಬೇರೆ ಗತಿ ಇಲ್ಲದಿದ್ರೆ 2000 ತನಕ ಅಂತಿದೆ, ಮನೆ ಆರ್‌ಓಗೆ 850 ಆಟದ ಹಾಗೆ. ಅದರಿಂದ ಹೊರಗೆ ಹೋಗೋ ನೀರನ್ನ ಮಾತ್ರ ಬಾವಿ ಬುಡಕ್ಕೆ ಬಿಡ್ಬೇಡಿ.

ಹಾಗಾಗಿ ಸಬ್‌ಮರ್ಸಿಬಲ್ ಮೇಲೆತ್ತಿ ಸಣ್ಣ ಪಂಪು ಹಾಕಿ, ದಿನಕ್ಕೆ ಮೂರ್ನಾಲ್ಕು ಸಲ ಹದಿನೈದು ಹದಿನೈದು ನಿಮಿಷ. ಬೆಳಿಗ್ಗೆ ಮೊದ್ಲು ಎತ್ತಿದ್ದು ಅಡಿಗೆಮನೆಗೆ. ಏಪ್ರಿಲ್ ನಂತರ ತೋಟಕ್ಕೆ ಈ ಬಾವಿ ಬೇಡವೇ ಬೇಡ. ಮತ್ತೆ ನಿಮ್ಮ ಮಾಡು ಎಷ್ಟು ದೊಡ್ಡದು? ನೂರು ಚದರ ಮೀಟರ್ ಅಂದ್ರೂ 3000 ಮಿಲಿಮೀಟರ್ ಮಳೆ ಬೀಳೋ ಊರಲ್ಲಿ ಅದರ ಮೇಲೆ ಮೂರು ಲಕ್ಷ ಲೀಟರ್ ಸುರೀತದೆ, ಈಗ ಎಲ್ಲ ಗಟಾರಕ್ಕೆ. ಜೂನ್ 1ಕ್ಕೆ ಮೀನುಗಾರಿಕೆ ನಿಂತು ದೋಣಿ ಮೇಲೆ ಎಳೆಯೋ ಮೊದ್ಲೇ ಮಾಡಿನ ಅಂಚಿಗೆ ದೋಣಿಪೈಪು ಕಟ್ಟಿ, ಮರಳು ಇದ್ದಲು ಹಾಕಿದ ಡ್ರಮ್ಮಿನ ಮೂಲಕ ಬಾವಿಗೆ ಇಳಿಸಿ. ಮೊದಲ ಎರಡು ಮಳೆ ಹೊರಗೆ ಬಿಡಿ, ಕಾಗೆ ಹಿಕ್ಕೆ ಎಲ್ಲ ತೊಳೆದು ಹೋಗ್ಲಿ. ಬರೋ ಏಪ್ರಿಲ್‌ನಲ್ಲಿ ಬೆಳಿಗ್ಗೆ ಸಂಜೆ ಎರಡೂ ಅಳೆದು ಇಲ್ಲೇ ಹಾಕಿ.